ನಿಮ್ಮ ಮೊಬೈಲಿನ ಬೀಗದ ಕೈ ಯಾರ ಜೇಬಲ್ಲಿದೆ?



ಕನ್ನಡದ ಸಭೆಯಲ್ಲಿ ಇಂಟರ್‌ನೆಟ್ಟಿನ ಮಾತೇಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೋರ್ಡಿನಲ್ಲಿ ಕನ್ನಡ ಬೇಕು, ಬ್ಯಾಂಕಿನಲ್ಲಿ ಕನ್ನಡ ಬೇಕು, ಉದ್ಯೋಗದಲ್ಲಿ ಕನ್ನಡಿಗನ ಪಾಲು ಬೇಕು ಅಂತ ಬೀದಿಗಿಳಿದವರು ನಾವು. ಆದರೆ ಬೀದಿಯ ಬೋರ್ಡನ್ನು ನೀವು ದಿನಕ್ಕೆ ನಾಲ್ಕು ಸಲ ನೋಡಿದರೆ ಕೈಯಲ್ಲಿರುವ ಮೊಬೈಲನ್ನು ನಾನೂರು ಸಲ ನೋಡುತ್ತೀರಿ. ಅದರಲ್ಲಿ 'ಐ ಅಗ್ರೀ' ಅನ್ನುವ ಗುಂಡಿ ಕಂಡಾಗಲೆಲ್ಲ ಓದದೆ ಒತ್ತುತ್ತೀರಿ. ಓದುವುದಾದರೂ ಹೇಗೆ? ಪುಟಗಟ್ಟಲೆ ಇಂಗ್ಲಿಷ್, ಅದೂ ವಕೀಲರ ಇಂಗ್ಲಿಷ್! ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಅಜ್ಜಂದಿರ ಕತೆಗಳನ್ನು ನಮ್ಮೂರುಗಳಲ್ಲಿ ಕೇಳಿದ್ದೇವೆ. ನಾವು ಅವರ ಮೊಮ್ಮಕ್ಕಳು. ಬಿ.ಇ. ಓದಿದರೂ ಒತ್ತುತ್ತಿರುವುದು ಹೆಬ್ಬೆಟ್ಟನ್ನೇ. ಬೆರಳಿಗೆ ಶಾಯಿ ಹತ್ತುತ್ತಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಪ್ರಿಂಟಿಂಗ್ ಪ್ರೆಸ್ಸಿಗೆ ಇಳಿದವನು. ಆದರೆ ಗುಟ್ಟು ಕಾಯುವುದು ಅಂದರೇನು ಅಂತ ನಮ್ಮ ಕಸುಬಿನವರಿಗೆ ಗೊತ್ತು. ಮಗಳ ಮದುವೆ ಗೊತ್ತಾದ ಸುದ್ದಿ ನೆಂಟರಿಗಿಂತ ಮೊದಲು ಪ್ರೆಸ್ಸಿನವನಿಗೆ ತಿಳಿಯುತ್ತದೆ. ಯಾರು ಅಂಗಡಿ ತೆರೆಯುತ್ತಾರೆ, ಯಾರು ಚುನಾವಣೆಗೆ ನಿಲ್ಲುತ್ತಾರೆ, ಯಾವ ಕಾರ್ಖಾನೆಯವರು ಮುಷ್ಕರದ ಕರಪತ್ರ ಹಾಕಿಸುತ್ತಾರೆ, ಎಲ್ಲವೂ ಮೊದಲು ಬರುವುದು ನಮ್ಮ ಟೇಬಲ್ಲಿಗೆ. ಗಿರಾಕಿ ನಂಬಿ ಕೊಡುತ್ತಾನೆ, ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ. ಇಂಟರ್‌ನೆಟ್ಟಿನಲ್ಲೂ ನಿಮ್ಮ ಗುಟ್ಟು ಹೀಗೇ ನಡುವಿನವರ ಟೇಬಲ್ಲಿನ ಮೇಲೆ ಹಾದು ಹೋಗುತ್ತದೆ. ಆ ನಡುವಿನವರು ಯಾರು? ಅವರ ಬಾಯಿ ಭದ್ರವೇ? ಅವರನ್ನು ಆರಿಸಿದವರು ಯಾರು, ನೀವೋ ಅವರೋ? ನನ್ನ ಮಾತು ಇಷ್ಟೇ.

ದಾರಿ ಕೇಳಿದರೆ ಗುಟ್ಟು ಬಯಲು

ಮೆಜೆಸ್ಟಿಕ್ಕಿನಲ್ಲಿ ನಿಂತು ಯಾರನ್ನಾದರೂ "ಕಿದ್ವಾಯಿ ಆಸ್ಪತ್ರೆಗೆ ಯಾವ ಬಸ್ಸು?" ಅಂತ ಕೇಳಿ ನೋಡಿ. ಆತ ನಿಮ್ಮ ಚೀಲ ತಡಕಬೇಕಾಗಿಲ್ಲ, ಡಾಕ್ಟರ ಚೀಟಿ ಓದಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೋ ಕ್ಯಾನ್ಸರ್ ಇರಬೇಕು ಅಂತ ಆ ಕ್ಷಣವೇ ಊಹಿಸಿಬಿಡುತ್ತಾನೆ. ದಾರಿ ಕೇಳುವುದೆಂದರೆ ಅರ್ಧ ಗುಟ್ಟು ಬಿಟ್ಟುಕೊಟ್ಟ ಹಾಗೆ.

ನಿಮ್ಮ ಮೊಬೈಲು ದಿನವಿಡೀ ಹೀಗೇ ದಾರಿ ಕೇಳುತ್ತಿರುತ್ತದೆ. ಇಂಟರ್‌ನೆಟ್ಟಿನಲ್ಲಿ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ವಿಳಾಸದಿಂದ. ನಾವು ಟೈಪ್ ಮಾಡುವುದು ಹೆಸರನ್ನು. ಹೆಸರು ಹೇಳಿದರೆ ಅಂಕಿ ಹೇಳುವ ವ್ಯವಸ್ಥೆಗೆ ಡಿಎನ್‌ಎಸ್ ಅನ್ನುತ್ತಾರೆ. ಅಮೆರಿಕದ ಪಾಲ್ ಮೊಕಪೆಟ್ರಿಸ್ 1983ರಲ್ಲಿ ಇದರ ನಕ್ಷೆ ಹಾಕಿದಾಗ ಆ ಜಾಲದಲ್ಲಿ ಇದ್ದದ್ದು ಕೆಲವು ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು, ಸರ್ಕಾರಿ ಕಚೇರಿಗಳು. ಪರಿಚಯಸ್ಥರ ಓಣಿ. ಬಾಗಿಲಿಗೆ ಚಿಲಕ ಯಾಕೆ ಅಂದುಕೊಂಡರು. ಹಾಗಾಗಿ ಪ್ರಶ್ನೆಯೂ ಬಿಚ್ಚು, ಉತ್ತರವೂ ಬಿಚ್ಚು. ಅಂಚೆ ಕಾರ್ಡಿನ ಹಾಗೆ.

ಓಣಿ ಇವತ್ತು ಜಗತ್ತಾಗಿದೆ. ಕಾರ್ಡು ಮಾತ್ರ ಹಾಗೇ ಇದೆ! ನೀವಾಗಿ ಬದಲಿಸದಿದ್ದರೆ ನಿಮ್ಮ ಮೊಬೈಲಿನ ಪ್ರಶ್ನೆ ಸಾಮಾನ್ಯವಾಗಿ ಹೋಗುವುದು ಸಿಮ್ ಕಂಪನಿಯ ಕಂಪ್ಯೂಟರಿಗೆ, ಇಲ್ಲವೇ ವೈಫೈ ಕೊಟ್ಟ ಕಂಪನಿಯ ಕಂಪ್ಯೂಟರಿಗೆ. ಬಿಚ್ಚು ಕಾರ್ಡಾಗಿ ಹೋದರೆ ಪಿ.ಜಿ.ಯ ವೈಫೈ ನೋಡಿಕೊಳ್ಳುವವನು ಮನಸ್ಸು ಮಾಡಿದರೆ ಓದಬಹುದು. ಕಾಫಿ ಅಂಗಡಿಯ ವೈಫೈ ಆದರೂ ಅದೇ ಕತೆ.

"ನನ್ನ ಬ್ರೌಸರಿನಲ್ಲಿ ಬೀಗದ ಗುರುತು ಇದೆಯಲ್ಲ?" ಅಂತ ಕೆಲವರು ಕೇಳುತ್ತಾರೆ. ಅದು ಎಚ್‌ಟಿಟಿಪಿಎಸ್, ಒಳ್ಳೆಯ ವ್ಯವಸ್ಥೆ. ಪುಟದ ಒಳಗಿನ ಮಾತು, ಪಾಸ್‌ವರ್ಡು, ತುಂಬಿದ ಅರ್ಜಿ ಎಲ್ಲವೂ ಅಂಟಿಸಿದ ಕವರಿನಲ್ಲಿ ಹೋಗುತ್ತವೆ. ಆದರೆ ಕವರಿನ ಮೇಲಿನ ವಿಳಾಸ? ಅದು ಕಾಣುತ್ತದೆ. ಯಾವ ಆಸ್ಪತ್ರೆಯ ತಾಣ, ಯಾವ ಕೆಲಸ ಹುಡುಕುವ ತಾಣ, ಎಷ್ಟು ಹೊತ್ತಿಗೆ, ಎಷ್ಟು ಸಲ, ಇಷ್ಟು ಸಾಕಲ್ಲ ಮನುಷ್ಯನ ಜಾತಕ ಬರೆಯೋಕೆ?

ಕಟ್ಟುಕತೆಯಲ್ಲ, ಬೆಂಗಳೂರಿನಲ್ಲೇ ನಡೆದದ್ದು

ನಡುವಿನವರು ಕೈಯಾಡಿಸುತ್ತಾರೆಯೇ ಅಂತ ಅನುಮಾನ ಇದ್ದವರು 2015ರ ಜೂನ್ ತಿಂಗಳನ್ನು ನೆನೆಯಿರಿ. ಬೆಂಗಳೂರಿನ ಒಬ್ಬ ಪ್ರೋಗ್ರಾಮರ್ ತನ್ನದೇ ತಾಣವನ್ನು ಏರ್‌ಟೆಲ್ 3ಜಿ ಮೂಲಕ ತೆರೆದಾಗ, ತಾನು ಬರೆಯದ ಕೋಡಿನ ತುಂಡೊಂದು ಪುಟದೊಳಗೆ ಕೂತಿರುವುದನ್ನು ಕಂಡ. ಅದನ್ನು ಸಾಕ್ಷಿ ಸಮೇತ ಪ್ರಕಟಿಸಿದ. ಗಿರಾಕಿಗೆ ಡೇಟಾ ಬಳಕೆಯ ಲೆಕ್ಕ ತಿಳಿಸಲು ಅಂತ ಕಂಪನಿ ಸಮಜಾಯಿಷಿ ಕೊಟ್ಟಿತು. ಆ ಕೋಡು ಇಸ್ರೇಲಿನ ಫ್ಲಾಶ್ ನೆಟ್‌ವರ್ಕ್ಸ್ ಅನ್ನುವ ಸಂಸ್ಥೆಯದು. ಆ ಸಂಸ್ಥೆ ಏನು ಮಾಡಿತು ಗೊತ್ತೇ? ನಮ್ಮ ಕೋಡನ್ನು ಬಯಲು ಮಾಡಿದೆ, ಕೃತಿಸ್ವಾಮ್ಯದ ಉಲ್ಲಂಘನೆ ಅಂತ ಪ್ರೋಗ್ರಾಮರಿಗೇ ಲಾಯರ್ ನೋಟೀಸು ಕಳಿಸಿತು!

ನಾನು ಅಚ್ಚು ಹಾಕಿ ಕಳಿಸಿದ ಪುಸ್ತಕಕ್ಕೆ ದಾರಿಯಲ್ಲಿ ಯಾರೋ ತಮ್ಮದೊಂದು ಹಾಳೆ ಹೊಲಿದು, ಕೇಳಿದರೆ "ಹಾಳೆ ನಮ್ಮ ಸ್ವತ್ತು, ಯಾರಿಗೂ ತೋರಿಸಬೇಡ" ಅಂದರೆ ಹೇಗಿರುತ್ತದೆ? ಇವತ್ತು ಬಹುಪಾಲು ತಾಣಗಳು ಕವರು ಅಂಟಿಸಿಯೇ ಕಳಿಸುವುದರಿಂದ ಹಾಳೆ ಹೊಲಿಯುವುದು ಸುಲಭವಲ್ಲ. ಆದರೆ ವಿಳಾಸ ಓದುವುದು ಇನ್ನೂ ಸುಲಭ. ಆ ವಿಳಾಸಗಳ ಪಟ್ಟಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ. ಗಿರಾಕಿಯನ್ನು ಕೇಳದೆ ಆತನ ಬ್ರೌಸಿಂಗ್ ವಿವರ ಮಾರಬಾರದು ಅಂತ ಅಮೆರಿಕದಲ್ಲಿ 2016ರಲ್ಲಿ ಒಂದು ನಿಯಮ ಮಾಡಿದರು. ಅದು ಪೂರ್ತಿ ಜಾರಿಯಾಗುವ ಮೊದಲೇ, 2017ರಲ್ಲಿ, ಅಲ್ಲಿನ ಸಂಸತ್ತು ರದ್ದು ಮಾಡಿತು. ಬೆಲೆಯಿಲ್ಲದ ಸರಕಿಗೆ ಯಾರಾದರೂ ಇಷ್ಟು ಒದ್ದಾಡುತ್ತಾರೆಯೇ?

'ನನಗೇನು ಮುಚ್ಚಿಡೋಕಿದೆ?'

ನಮ್ಮ ಹುಡುಗರ ಬಾಯಲ್ಲಿ ಬರುವ ಮೊದಲ ಮಾತು ಇದು. ನೀವು ಕಳ್ಳರಲ್ಲ, ನನಗೆ ಗೊತ್ತು. ಆದರೂ ಬಚ್ಚಲುಮನೆಗೆ ಚಿಲಕ ಹಾಕುತ್ತೀರಿ. ಮತಗಟ್ಟೆಯಲ್ಲಿ ರಟ್ಟಿನ ಮರೆಯ ಹಿಂದೆ ಹೋಗಿ ಓಟು ಹಾಕುತ್ತೀರಿ. ಅದು ಕಳ್ಳತನವೇ? ಮಾನ, ಸ್ವಾತಂತ್ರ್ಯ. ಕಂಪನಿಯ ಅನ್ಯಾಯದ ಬಗ್ಗೆ ಕಾರ್ಮಿಕ ಇಲಾಖೆಗೆ ದೂರು ಕೊಡುವುದು ಹೇಗೆ ಅಂತ ಹುಡುಕುವ ಹುಡುಗ, ಮನೆಯವರ ಹೊಡೆತ ತಪ್ಪಿಸಿಕೊಳ್ಳಲು ಸಹಾಯವಾಣಿ ಹುಡುಕುವ ಹುಡುಗಿ, ಕಾಯಿಲೆಯ ಹೆಸರು ಯಾರಿಗೂ ಹೇಳಲಾಗದೆ ಮೊಬೈಲಿನಲ್ಲಿ ಕೇಳುವ ತಾಯಿ, ಇವರಿಗೆಲ್ಲ ಮುಚ್ಚಿಡುವುದಕ್ಕೆ ಇದೆ. ನಾಳೆ ನಿಮಗೂ ಬರಬಹುದು.

ಈ ಹಕ್ಕನ್ನು ದೇಶಕ್ಕೆ ಗೆದ್ದುಕೊಟ್ಟ ಮೊಕದ್ದಮೆಗೆ ಯಾರ ಹೆಸರಿದೆ ಗೊತ್ತೇ? ಕನ್ನಡನಾಡಿನ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು! ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ಹಿರಿಯರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ಸಾರಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ದಕ್ಷಿಣ ಕನ್ನಡದವರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕನ್ನು ಬಳಸದೆ ಮೂಲೆಗೆ ಹಾಕಿದರೆ ನಾವು ಎಂಥ ವಾರಸುದಾರರು?

ಮೊದಲ ಕೆಲಸ: ಕಾರ್ಡನ್ನು ಕವರಿಗೆ ಹಾಕಿ

ಈಗ ಕೈಕೆಲಸಕ್ಕೆ ಬರೋಣ. ಎನ್‌ಕ್ರಿಪ್ಷನ್ ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ಗೂಢಲಿಪಿ. ಕಳಿಸಿದವನಿಗೂ ಪಡೆದವನಿಗೂ ಬಿಟ್ಟು ನಡುವಿನವನಿಗೆ ಅರ್ಥವಾಗದ ಲಿಪಿ. ಡಿಎನ್‌ಎಸ್ ಪ್ರಶ್ನೆಯನ್ನೇ ಗೂಢಲಿಪಿಯಲ್ಲಿ ಕಳಿಸುವ ಎರಡು ವಿಧಾನಗಳಿಗೆ 2016ರಲ್ಲಿ ಮತ್ತು 2018ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂತು. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಈಚಿನ ಮೊಬೈಲುಗಳಲ್ಲಿ ಇದಕ್ಕೆ ಜಾಗ ಇದೆ. ಒಂದು ಪೈಸೆ ಖರ್ಚಿಲ್ಲ.

ಸೆಟ್ಟಿಂಗ್ಸಿಗೆ ಹೋಗಿ. ನೆಟ್‌ವರ್ಕ್ ಅಥವಾ ಕನೆಕ್ಷನ್ ವಿಭಾಗದಲ್ಲಿ 'ಪ್ರೈವೇಟ್ ಡಿಎನ್‌ಎಸ್' ಹುಡುಕಿ. ಸಾಮಾನ್ಯವಾಗಿ ಅದು 'ಆಟೋಮ್ಯಾಟಿಕ್' ಅಂತ ಇರುತ್ತದೆ. ಅಂದರೆ ಸಿಮ್ ಕಂಪನಿಯ ಕಂಪ್ಯೂಟರಿಗೆ ಗೂಢಲಿಪಿ ಬಂದರೆ ಕವರು, ಬರದಿದ್ದರೆ ಮತ್ತೆ ಅದೇ ಕಾರ್ಡು. ಅದನ್ನು ಬಿಟ್ಟು ಹೆಸರು ತುಂಬುವ ಆಯ್ಕೆಯನ್ನು ಒತ್ತಿ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಎಲ್ಲೂ ಜಾಗ ಬಿಡದೆ, ಹೀಗೆ ಟೈಪ್ ಮಾಡಿ: ಡಿಎನ್‌ಎಸ್, ಚುಕ್ಕೆ, ಕ್ವಾಡ್, ಅದಕ್ಕೆ ಅಂಟಿಕೊಂಡು 9ರ ಅಂಕಿ, ಚುಕ್ಕೆ, ನೆಟ್. ಉಳಿಸಿ. ಕೆಲಸ ಮುಗಿಯಿತು.

ಕ್ವಾಡ್9 ಅನ್ನುವುದು ಲಾಭಕ್ಕಲ್ಲದ ಸಂಸ್ಥೆ. 2017ರಲ್ಲಿ ಶುರುವಾಗಿ 2021ರಲ್ಲಿ ಸ್ವಿಟ್ಜರ್ಲೆಂಡಿಗೆ ಸ್ಥಳಾಂತರವಾಯಿತು. ಮೋಸದ ತಾಣ ಅಂತ ಗೊತ್ತಾದ ಹೆಸರುಗಳಿಗೆ ದಾರಿಯನ್ನೇ ಹೇಳುವುದಿಲ್ಲ. ಕ್ಲೌಡ್‌ಫ್ಲೇರ್ ಕಂಪನಿಯದು 1.1.1.1, ಗೂಗಲಿನದು 8.8.8.8. ಅವೂ ಕೆಲಸ ಮಾಡುತ್ತವೆ. ಆದರೆ ಗೂಗಲಿಗೆ ನಿಮ್ಮ ಬಗ್ಗೆ ಈಗಾಗಲೇ ಗೊತ್ತಿರುವುದು ಸಾಲದೇ ಅಂತ ನೀವೇ ಯೋಚಿಸಿ. ಕಂಪ್ಯೂಟರಿನಲ್ಲಾದರೆ ಕ್ರೋಮಿನ ಸೆಕ್ಯುರಿಟಿ ಸೆಟ್ಟಿಂಗಿನಲ್ಲಿ 'ಯೂಸ್ ಸೆಕ್ಯೂರ್ ಡಿಎನ್‌ಎಸ್', ಫೈರ್‌ಫಾಕ್ಸಿನ ಸೆಟ್ಟಿಂಗ್ಸಿನಲ್ಲಿ 'ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್' ಹುಡುಕಿ.

ಒಂದು ಎಚ್ಚರಿಕೆ. ಹೋಟೆಲು, ರೈಲ್ವೆ ನಿಲ್ದಾಣಗಳ ವೈಫೈ ಕೆಲವೊಮ್ಮೆ ಲಾಗಿನ್ ಪುಟ ತೋರಿಸದೆ ನಿಂತುಬಿಡುತ್ತದೆ. ಆಗ ಪ್ರೈವೇಟ್ ಡಿಎನ್‌ಎಸ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಾಗಿನ್ ಆಗಿ, ನೆನಪಿಟ್ಟು ಮತ್ತೆ ಹಾಕಿಕೊಳ್ಳಿ.

ಇಷ್ಟಕ್ಕೇ ಪೂರ್ತಿ ಮರೆ ಸಿಕ್ಕಿತು ಅಂದುಕೊಳ್ಳಬೇಡಿ. ದಾರಿ ಕೇಳಿದ್ದು ಗೊತ್ತಾಗಲಿಲ್ಲ, ಸರಿ. ಆದರೆ ನೀವು ತಾಣದ ಬಾಗಿಲು ತಟ್ಟುವಾಗ ಅದರ ಹೆಸರನ್ನು ಬಹುತೇಕ ಇನ್ನೂ ಬಿಚ್ಚಾಗಿಯೇ ಕೂಗುತ್ತೀರಿ. ಜಿಯೋ ಜಾಲದಲ್ಲಿ ಹೀಗೆ ಕೂಗಿದ ಹೆಸರನ್ನು ಓದಿಯೇ ತಾಣಗಳನ್ನು ತಡೆಯಲಾಗುತ್ತಿದೆ ಅಂತ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019ರಲ್ಲಿ ಪರೀಕ್ಷೆ ಮಾಡಿ ತೋರಿಸಿಕೊಟ್ಟರು. ತಡೆಯುವವನಿಗೆ ಓದಲು ಬಂದರೆ ಬರೆದಿಟ್ಟುಕೊಳ್ಳಲು ಬರುವುದಿಲ್ಲವೇ?

ಎರಡನೆಯದು: ಸುರಂಗ

ಇಲ್ಲಿ ಬರುತ್ತದೆ ವಿಪಿಎನ್. ನಿಮ್ಮ ಮೊಬೈಲಿನಿಂದ ವಿಪಿಎನ್ ಕಂಪನಿಯ ಕಂಪ್ಯೂಟರಿನವರೆಗೆ ಗೂಢಲಿಪಿಯ ಸುರಂಗ. ಕವರುಗಳನ್ನೆಲ್ಲ ಚೀಲಕ್ಕೆ ಹಾಕಿ, ಬಾಯಿ ಹೊಲಿದು, ಒಂದೇ ವಿಳಾಸಕ್ಕೆ ಕಳಿಸಿದ ಹಾಗೆ. ಪಿ.ಜಿ. ವೈಫೈಯವನಿಗೆ, ಸಿಮ್ ಕಂಪನಿಗೆ ಕಾಣುವುದು ಚೀಲ ಮಾತ್ರ. ಆಚೆ ತುದಿಯಲ್ಲಿ ಚೀಲ ಬಿಚ್ಚಿ ಕವರುಗಳನ್ನು ಅವುಗಳ ಊರಿಗೆ ಕಳಿಸುತ್ತಾರೆ. ಆ ತಾಣಗಳಿಗೆ ನಿಮ್ಮ ಮನೆಯ ಅಂಕಿ ವಿಳಾಸದ ಬದಲು ವಿಪಿಎನ್ ಕಂಪನಿಯ ವಿಳಾಸ ಕಾಣುತ್ತದೆ.

ಸರಿಯಾಗಿ ಕೇಳಿಸಿಕೊಳ್ಳಿ. ಚೀಲ ಬಿಚ್ಚುವವನಿಗೆ ವಿಳಾಸಗಳೆಲ್ಲ ಕಾಣುತ್ತವೆ! ವಿಪಿಎನ್ ನಿಮ್ಮನ್ನು ಮಾಯ ಮಾಡುವುದಿಲ್ಲ. ನಿಮ್ಮ ನಂಬಿಕೆಯನ್ನು ಒಬ್ಬನ ಕೈಯಿಂದ ತೆಗೆದು ಇನ್ನೊಬ್ಬನ ಕೈಗೆ ಇಡುತ್ತದೆ. ಎರಡನೆಯವನು ಮೊದಲನೆಯವನಿಗಿಂತ ಕೆಟ್ಟವನಾದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ?

ಮೇಯ್ದಿದೆ. ಒನಾವೋ ಅನ್ನುವ ಇಸ್ರೇಲಿ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡಿತು. 'ಒನಾವೋ ಪ್ರೊಟೆಕ್ಟ್' ಅಂತ ಪುಕ್ಕಟೆ ವಿಪಿಎನ್. ಹೆಸರಿನಲ್ಲೇ ರಕ್ಷಣೆ! ಜನ ಯಾವ ಆ್ಯಪನ್ನು ಎಷ್ಟು ಬಳಸುತ್ತಾರೆ ಅನ್ನುವ ಮಾಹಿತಿಯನ್ನು ಅದೇ ಸುರಂಗದೊಳಗಿಂದ ಬಾಚಿ ಫೇಸ್‌ಬುಕ್ ತನ್ನ ವ್ಯಾಪಾರಕ್ಕೆ ಬಳಸಿಕೊಂಡಿತು. 2018ರಲ್ಲಿ ಆಪಲ್ ಅಂಗಡಿಯಿಂದ ಅದು ಹೊರಬಿತ್ತು, 2019ರಲ್ಲಿ ಮುಚ್ಚಿತು. 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಆ ಗುಂಪಿನ ಎರಡು ಕಂಪನಿಗಳಿಗೆ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಪುಕ್ಕಟೆ ವಿಪಿಎನ್ ಅಂತ ಜಾಹೀರಾತು ಕಂಡಾಗ ಈ ಹೆಸರು ನೆನಪಿರಲಿ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಚುನಾವಣಾ ಕರಪತ್ರದ ಮೇಲೆ ಮುದ್ರಕನ ಹೆಸರು-ವಿಳಾಸ, ಪ್ರಕಾಶಕನ ಹೆಸರು-ವಿಳಾಸ ಇಲ್ಲದೆ ಅಚ್ಚು ಹಾಕುವಂತಿಲ್ಲ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು. ತಪ್ಪಿದರೆ ಆರು ತಿಂಗಳವರೆಗೆ ಜೈಲು. ಯಾಕೆ? ಹಾಳೆಯ ಹಿಂದೆ ಜವಾಬು ಹೇಳುವ ಮನುಷ್ಯ ಬೇಕು. ವಿಪಿಎನ್ ಆರಿಸುವಾಗಲೂ ಇದನ್ನೇ ನೋಡಿ. ಇದರ 'ಮುದ್ರಕ' ಯಾರು? ಯಾವ ದೇಶದ ಕಾನೂನಿಗೆ ಒಳಪಟ್ಟವನು? ಹೊಟ್ಟೆಪಾಡಿಗೆ ಏನು ಮಾಡುತ್ತಾನೆ, ನಿಮ್ಮ ಶುಲ್ಕವೋ, ನಿಮ್ಮ ಮಾಹಿತಿಯೋ? ಲೆಕ್ಕಪತ್ರ ಇಟ್ಟುಕೊಳ್ಳುವುದಿಲ್ಲ ಅನ್ನುವ ಮಾತನ್ನು ಹೊರಗಿನವರು ತಪಾಸಣೆ ಮಾಡಿದ್ದಾರೆಯೇ? ಉತ್ತರ ಸಿಗದಿದ್ದರೆ ಅದು ಮುದ್ರಕನ ಹೆಸರಿಲ್ಲದ ಕರಪತ್ರ. ಮುಟ್ಟಬೇಡಿ.

ಒಳ್ಳೆಯವರೂ ಇದ್ದಾರೆ. ಸ್ವೀಡನ್ನಿನ ಮುಲ್ವಾಡ್ ಕಂಪನಿ ಗಿರಾಕಿಯ ಹೆಸರನ್ನೇ ಕೇಳುವುದಿಲ್ಲ, ಒಂದು ಸಂಖ್ಯೆ ಕೊಡುತ್ತದೆ ಅಷ್ಟೇ. 2023ರ ಏಪ್ರಿಲಿನಲ್ಲಿ ಪೊಲೀಸರು ಶೋಧನಾ ವಾರಂಟು ಹಿಡಿದು ಅದರ ಕಚೇರಿಗೆ ಬಂದರು, ಬರಿಗೈಲಿ ಹೋದರು. ಇಟ್ಟುಕೊಳ್ಳದ ಪಟ್ಟಿಯನ್ನು ಯಾರು ತಾನೇ ಕೊಡಬಲ್ಲರು? ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಕಂಪನಿ ಹಣ ಕಟ್ಟುವವರ ಬಲದಿಂದ ಪುಕ್ಕಟೆ ಸೇವೆಯನ್ನೂ ನಡೆಸುತ್ತದೆ. ನಾನು ಯಾರ ಏಜೆಂಟನೂ ಅಲ್ಲ, ವಿಚಾರಿಸಿ ನೋಡಿ ಆರಿಸಿಕೊಳ್ಳಿ.

ದೆಹಲಿಯ ಆದೇಶ

ನಮ್ಮ ದೇಶದಲ್ಲಿ ವಿಪಿಎನ್ ಬಳಸುವುದೇ ಅಪರಾಧವಲ್ಲ. ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಅಧಿಕಾರಿಗಳು ಆಗಾಗ ನಿರ್ಬಂಧ ಹಾಕಿದ್ದುಂಟು. ಅಂಥ ಕಡೆ ಹೋದಾಗ ಅಲ್ಲಿನ ಆದೇಶ ತಿಳಿದುಕೊಳ್ಳಿ. ಆದರೆ 2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗಿರಾಕಿಯ ಹೆಸರು, ವಿಳಾಸ, ಫೋನ್ ಸಂಖ್ಯೆ, ಕೊಟ್ಟ ಅಂಕಿ ವಿಳಾಸ, ಬಳಸುವ ಉದ್ದೇಶ ಎಲ್ಲವನ್ನೂ ಬರೆದಿಟ್ಟು, ಗಿರಾಕಿ ಬಿಟ್ಟುಹೋದ ಮೇಲೂ 5 ವರ್ಷ ಕಾಯ್ದಿಡಬೇಕು! ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್, ಸರ್ಫ್‌ಶಾರ್ಕ್, ಪ್ರೋಟಾನ್ ಮೊದಲಾದವು ಅದೇ ವರ್ಷ ಭಾರತದ ನೆಲದಲ್ಲಿದ್ದ ತಮ್ಮ ಯಂತ್ರಗಳನ್ನು ತೆಗೆದವು.

ಅಪರಾಧಿಗಳನ್ನು ಹಿಡಿಯಲು ಬೇಕು ಅಂತ ಸರ್ಕಾರದ ವಾದ. ಅಪರಾಧಿಯನ್ನು ಹಿಡಿಯಲಿ, ಬೇಡ ಅಂದವರಾರು? ಕಳ್ಳನೊಬ್ಬ ಓಣಿಗೆ ಬಂದ ಅಂತ ಓಣಿಯವರೆಲ್ಲರ ದಿನಚರಿ ಬರೆದಿಡುವುದು ಯಾವ ನ್ಯಾಯ? ಬರೆದಿಟ್ಟ ಪಟ್ಟಿ ಒಂದಲ್ಲ ಒಂದು ದಿನ ಸೋರುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಸೋರುವುದೇನು?

ಬೀಗಕ್ಕೂ ಮಿತಿಯಿದೆ

ಕೆಲವು ಮಾತು ನೇರವಾಗಿ ಹೇಳಿಬಿಡುತ್ತೇನೆ. ವಿಪಿಎನ್ ಹಾಕಿಕೊಂಡು ಗೂಗಲ್, ಫೇಸ್‌ಬುಕ್ಕಿಗೆ ಲಾಗಿನ್ ಆದರೆ ಅವರಿಗೆ ನೀವು ಯಾರು ಅಂತ ಗೊತ್ತೇ ಇರುತ್ತದೆ. ಮುಸುಕು ಹಾಕಿಕೊಂಡು ಹೋಗಿ ಹೆಸರು ಹೇಳಿದ ಹಾಗೆ. 'ಇನ್‌ಕಾಗ್ನಿಟೋ' ಕಿಟಕಿ ನಿಮ್ಮ ಮೊಬೈಲಿನಲ್ಲಿ ಚರಿತ್ರೆ ಉಳಿಸುವುದಿಲ್ಲ ಅಷ್ಟೇ, ಸಿಮ್ ಕಂಪನಿಯಿಂದ ಏನನ್ನೂ ಮುಚ್ಚುವುದಿಲ್ಲ. ಆಫೀಸಿನ ಲ್ಯಾಪ್‌ಟಾಪಿನ ಒಳಗೇ ಕಂಪನಿಯ ಕಣ್ಣಿರಬಹುದು, ಅಲ್ಲಿ ಯಾವ ಸುರಂಗವೂ ಕಾಯುವುದಿಲ್ಲ. ಸ್ವಂತ ವಿಚಾರ ಸ್ವಂತ ಮೊಬೈಲಿನಲ್ಲಿ, ಸ್ವಂತ ಡೇಟಾದಲ್ಲಿ ನೋಡಿ. ಬ್ಯಾಂಕಿನ ಕೆಲವು ಆ್ಯಪುಗಳು ವಿಪಿಎನ್ ಕಂಡರೆ ಮೊಂಡಾಟ ಮಾಡುತ್ತವೆ. ಆಗ ಆಫ್ ಮಾಡಿ ವ್ಯವಹಾರ ಮುಗಿಸಿ, ಬ್ಯಾಂಕಿನ ಮಾತು ಹೇಗೂ ಗೂಢಲಿಪಿಯಲ್ಲೇ ಹೋಗುತ್ತದೆ. ಇನ್ನು ಓಟಿಪಿ ಕೇಳಿದವನಿಗೆ ನೀವೇ ಹೇಳಿಬಿಟ್ಟರೆ ಯಾವ ದೇವರೂ ಕಾಪಾಡಲಾರ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕನ್ನಡದಲ್ಲಿ ಕೇಳಿ!

ಕೊನೆಗೆ ನಮ್ಮ ಹೋರಾಟದ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನೂರೆಂಟು ಕುಂದುಗಳಿವೆ. ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿ ಇಟ್ಟುಕೊಂಡಿದೆ. ಆದರೆ 5 ಮತ್ತು 6ನೇ ಕಲಮುಗಳಲ್ಲಿ ನಮ್ಮ ಕೈಗೆ ಒಂದು ಆಯುಧ ಸಿಕ್ಕಿದೆ. ನಿಮ್ಮ ಮಾಹಿತಿ ಪಡೆಯುವ ಕಂಪನಿ ಅದನ್ನು ಯಾಕೆ ಪಡೆಯುತ್ತೇನೆ ಅನ್ನುವ ಸೂಚನೆಯನ್ನು, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗೆ ಕೊಡಲೇಬೇಕು. ಆ ಪರಿಚ್ಛೇದದಲ್ಲಿ ಕನ್ನಡ ಇದೆ! ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಈ ಕಲಮುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ.

ಗಡುವಿನವರೆಗೆ ಕೈಕಟ್ಟಿ ಕೂತರೆ ಏನಾಗುತ್ತದೆ ಅಂತ ಕನ್ನಡ ಬೋರ್ಡಿನ ಹೋರಾಟ ಮಾಡಿದ ನಮಗೆ ಹೇಳಿಕೊಡಬೇಕೇ? ಯಂತ್ರದಿಂದ ಕಿತ್ತು ಹಾಕಿದ, ತಲೆಬುಡ ಇಲ್ಲದ ಅನುವಾದವನ್ನು ಕನ್ನಡ ಅಂತ ತಂದು ಅಂಟಿಸುತ್ತಾರೆ. ಈಗಿನಿಂದಲೇ ನಿಮ್ಮ ಸಿಮ್ ಕಂಪನಿಗೆ, ಬ್ಯಾಂಕಿಗೆ, ಊಟ ತರಿಸುವ ಆ್ಯಪಿಗೆ ಬರೆಯಿರಿ: ನಿಮ್ಮ ಖಾಸಗಿತನದ ನೀತಿ ನನಗೆ ಅರ್ಥವಾಗುವ ಕನ್ನಡದಲ್ಲಿ ಕೊಡಿ. ಒಬ್ಬ ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ. ಸಾವಿರ ಜನ ಬರೆದರೆ ಮೀಟಿಂಗ್ ಕರೆಯುತ್ತಾರೆ.

ಇವತ್ತು ರಾತ್ರಿ ಮಲಗುವ ಮುಂಚೆ ಎರಡು ಕೆಲಸ ಮಾಡಿ. ನಿಮ್ಮ ಮೊಬೈಲಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಹಾಕಿ, ಎರಡು ನಿಮಿಷದ ಕೆಲಸ. ಆಮೇಲೆ ಅಮ್ಮನ ಮೊಬೈಲಿಗೂ ಹಾಕಿಕೊಟ್ಟು, ಯಾಕೆ ಹಾಕಿದೆ ಅಂತ ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಅಂತ ಲೆಕ್ಕ.

ಕನ್ನಡಕ್ಕೆ ಜಯವಾಗಲಿ! ಜೈ ಕರ್ನಾಟಕ!